ಸಾಮಾನ್ಯ ವಾಯು

ಪಡುಗಂಡಿ ಅಗ್ನಿಶಾಮಕ ಠಾಣೆಯ ಇಪ್ಪತ್ತಾರು ವರ್ಷಗಳ ಇತಿಹಾಸದಲ್ಲಿ ಅತ್ಯಂತ ಗಂಭೀರವೆಂದು ದಾಖಲಾಗಬೇಕಾದ ಪ್ರಶ್ನೆ ಇದು: ಬೆಳಿಗ್ಗೆ ಏಳು ಗಂಟೆಗೆ ಪೆಟ್ಟಿಗೆಯ ಸ್ಟೂಲನ್ನು ಅಂಗಳದ ಯಾವ ಮೂಲೆಯಲ್ಲಿ ಇಡತಕ್ಕದ್ದು?

ಈ ವಿಷಯದಲ್ಲಿ ಠಾಣೆಗೂ ಬೆಂಗಳೂರಿನ ಕೇಂದ್ರ ಕಚೇರಿಗೂ ನಡುವೆ ಆರು ಪತ್ರಗಳು ಓಡಾಡಿದವು. ಧ್ವಜಸ್ತಂಭದ ಬಳಿ ಇಡುತ್ತೇವೆ ಎಂದಿತು ಠಾಣೆ. ಬಿಸಿಲು ಬೀಳುವ ಜಾಗ ಕೂಡದು ಎಂದಿತು ಕಚೇರಿ. ಹಾಗಾದರೆ ವರಾಂಡ ಎಂದಿತು ಠಾಣೆ. ಚಹಾ ಕಾಯಿಸುವ ಒಲೆಯಿಂದ ಮೂವತ್ತು ಅಡಿ ದೂರವಿರಬೇಕೆಂದು ಕಚೇರಿ ನಿಯಮ ಉದ್ಧರಿಸಿತು. ಬೆಳಗಿನ ಹೊತ್ತು ಬಿಸಿಲೂ ಇಲ್ಲದ, ಒಲೆಯ ಹೊಗೆಯೂ ತಾಗದ ಜಾಗ ಇಡೀ ಅಂಗಳದಲ್ಲಿ ಒಂದೇ: ಪೂರ್ವದ ಕಾಂಪೌಂಡ್ ಗೋಡೆಗೆ ತಾಗಿದ ಬಾದಾಮಿ ಮರದ ಬುಡ. ಆರನೆಯ ಪತ್ರದಲ್ಲಿ ಅದಕ್ಕೆ ಮಂಜೂರಾತಿ ಬಂತು. ಮರದ ಫೋಟೋ ಲಗತ್ತಿಸಬೇಕೆಂಬ ಸೂಚನೆಯೂ ಬಂತು. ಗೋಡೆಯ ಆಚೆ ಏನಿದೆ ಎಂದು ಯಾರೂ ಕೇಳಲಿಲ್ಲ. ಅದನ್ನು ಕೇಳುವ ಕಾಲಮು ನಮೂನೆಯಲ್ಲಿ ಇರಲಿಲ್ಲ.

ಪೆಟ್ಟಿಗೆಯ ಸರ್ಕಾರಿ ಹೆಸರು ಘ್ರಾಣಯಂತ್ರ. ಗಾತ್ರದಲ್ಲಿ ಹೊಲಿಗೆ ಯಂತ್ರದಷ್ಟು, ತೂಕದಲ್ಲಿ ಅದಕ್ಕಿಂತ ಕಡಿಮೆ. ಒಳಗೆ ತೊಂಬತ್ತಾರು ತೆಳು ಪೊರೆಗಳು. ಒಂದೊಂದು ಪೊರೆ ಒಂದೊಂದು ಬಗೆಯ ಆವಿಗೆ ಉಬ್ಬುತ್ತದೆ. ಉಬ್ಬಿದಾಗ ಅದರೊಳಗಿನ ವಿದ್ಯುತ್ ಹರಿವು ತುಸು ಬದಲಾಗುತ್ತದೆ. ತೊಂಬತ್ತಾರೂ ಸೇರಿ ಬರೆದ ನಕ್ಷೆಯನ್ನು ಯಂತ್ರ ತನ್ನ ನೆನಪಿನಲ್ಲಿರುವ ಹನ್ನೊಂದು ಸಾವಿರ ವಸ್ತುಗಳ ನಕ್ಷೆಯೊಂದಿಗೆ ಹೋಲಿಸಿ, ನಾಲ್ಕು ಸೆಕೆಂಡಿನಲ್ಲಿ ಇದು ಇಂಥ ವಸ್ತು, ಇಷ್ಟು ದೂರ ನಿಲ್ಲಿ, ನೀರು ಹಾಕಿ ಅಥವಾ ಹಾಕಬೇಡಿ ಎಂದು ಹೇಳುತ್ತದೆ. ಅದಕ್ಕೆ ಮೊದಲು ಇದೇ ಕೆಲಸಕ್ಕೆ ಠಾಣಾಧಿಕಾರಿ ದುರ್ಬೀನು ಹಿಡಿದು, ಟ್ಯಾಂಕರಿನ ಬೆನ್ನ ಮೇಲಿನ ಕಿತ್ತಳೆ ಫಲಕದ ನಾಲ್ಕಂಕಿ ಓದಿ, ಕೈಪುಸ್ತಕದ ಪುಟ ಮಗುಚಬೇಕಿತ್ತು. ಫಲಕಕ್ಕೆ ಆಯುಧಪೂಜೆಯ ಕುಂಕುಮ ಮೆತ್ತಿದ್ದರೆ ಓದು ಇನ್ನಷ್ಟು ನಿಧಾನವಾಗುತ್ತಿತ್ತು.

ಯಂತ್ರದ ಬೆನ್ನಿಗೇ ಕಾಯ್ದೆ ಬಂತು. ಬಯಲುಸೀಮೆಯ ಒಂದು ಪಟ್ಟಣದಲ್ಲಿ ಯಾರೋ ಒಬ್ಬ ಸಿನಿಮಾ ಮಂದಿರದೊಳಗೆ "ಗ್ಯಾಸ್ ವಾಸನೆ!" ಎಂದು ಕೂಗಿದ್ದ. ಹೊರಗೋಡಿದವರಲ್ಲಿ ಹದಿನಾಲ್ಕು ಮಂದಿ ಮೆಟ್ಟಿಲ ಮೇಲೆಯೇ ಸತ್ತರು. ವಾಸನೆ ಯಾರದೋ ಬುತ್ತಿಯಲ್ಲಿ ಹಳಸಿದ ಮೊಟ್ಟೆಯದು. ಆದ್ದರಿಂದ ಮನುಷ್ಯನ ಮೂಗು ಸಾಕ್ಷಿಯಲ್ಲವೆಂದು ಶಾಸನಸಭೆ ತೀರ್ಮಾನಿಸಿತು. ವಾಸನೆಯ ಬಗ್ಗೆ ಠಾಣೆಗೆ ಕರೆ ಮಾಡಿದವರ ಫೋನನ್ನು ಮೂರು ದಿನ ಸ್ತಬ್ಧಗೊಳಿಸುವುದು, ಅಪಾಯದ ಸೈರನ್ನಿಗೂ ಠಾಣೆಯ ವಾಹನದಲ್ಲಿರುವ ರಕ್ಷಾದಿರಿಸಿನ ಕಪಾಟಿಗೂ ವಿದ್ಯುತ್ ಬೀಗ ಹಾಕುವುದು, ಆ ಬೀಗ ಪೆಟ್ಟಿಗೆಯ ಮಾತಿಗೆ ಮಾತ್ರ ತೆರೆಯುವುದು ಎಲ್ಲ ಜಾರಿಗೆ ಬಂತು. ಜನ ಮೊದಲು ನಕ್ಕರು, ಆಮೇಲೆ ಬೈದರು, ಆರು ತಿಂಗಳಲ್ಲಿ ಒಗ್ಗಿಕೊಂಡರು. ಮದುವೆ ಮನೆಯಲ್ಲಿ ಸಾಂಬಾರು ತಳ ಹಿಡಿದರೂ "ಪೆಟ್ಟಿಗೆ ಎಂತ ಹೇಳ್ತದೆ ಕೇಳುವ" ಎನ್ನುವುದು ಪಡುಗಂಡಿಯಲ್ಲಿ ತಮಾಷೆಯಾಗಿ ಉಳಿಯಿತು.

ಪೆಟ್ಟಿಗೆ ಮೋಸದ್ದಾಗಿರಲಿಲ್ಲ, ಅದನ್ನು ಹೇಳಲೇಬೇಕು. ಠಾಣೆಯ ಹಿರಿಯ ಅಗ್ನಿಶಾಮಕ ಅಬ್ಬಾಸ್, ಊರಿಗೆಲ್ಲ ಅಬ್ಬಾಸಾಕ, ಬದುಕಿದ್ದೇ ಅದರಿಂದ. ಮೀನುಹುಡಿ ಕಾರ್ಖಾನೆಯ ಹೊಂಡಕ್ಕೆ ಬಿದ್ದ ಇಬ್ಬರನ್ನು ಎತ್ತಲು ಅವನು ಇಳಿಯುವುದರಲ್ಲಿದ್ದ. "ವಾಸನೆ ಹೋಯ್ತು, ಈಗ ತೊಂದರೆ ಇಲ್ಲ" ಎಂದಿದ್ದ. ಪೆಟ್ಟಿಗೆ ಕಿರುಚಿತು. ಹೊಂಡದಲ್ಲಿ ಕೊಳೆತ ಮೀನಿನಿಂದ ಏಳುವ ಅನಿಲ ಹೆಚ್ಚಾದಾಗ ಮೊದಲು ಕೊಲ್ಲುವುದು ಮೂಗನ್ನೇ. ವಾಸನೆ ನಿಂತಿತೆಂದರೆ ಸಾವು ಹತ್ತಿರ ಬಂತೆಂದು ಅರ್ಥ. ಅಂದಿನಿಂದ ಅಬ್ಬಾಸಾಕ ಪೆಟ್ಟಿಗೆಯನ್ನು ತನ್ನ ಟವೆಲಿನಿಂದಲೇ ಒರೆಸುತ್ತಿದ್ದ.

ಠಾಣಾಧಿಕಾರಿ ಯಶವಂತಿ ಕುಂದರ್. ನಲವತ್ತೊಂದು ವರ್ಷ, ಬಂದರಿನಲ್ಲೇ ಹುಟ್ಟಿ, ಬಂದರಿಗೇ ಮದುವೆಯಾದವಳು. ಗಂಡ ದಯಾನಂದ ಆಳಸಮುದ್ರದ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವ ಹೊಣೆ ಅವನದು. ಹೋದರೆ ಎಂಟು ಹತ್ತು ದಿನ ಮುಖ ಇಲ್ಲ. ಮನೆಯಲ್ಲಿ ಅತ್ತೆ ಚಂದು, ಅರುವತ್ತಮೂರು. ಐಸ್ ಪ್ಲಾಂಟಿನ ಆಚೆ ಇರುವ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರ ಮೇಸ್ತ್ರಿ ಅವಳು.

ಆ ದಿನ ಬೆಳಿಗ್ಗೆ ಚಂದು ಹಳೆಯ ಬಿಳಿ ಪಂಚೆಯನ್ನು ಚಿಂದಿ ಮಾಡಿ ಅರಿಶಿಣದ ನೀರಿನಲ್ಲಿ ಅದ್ದುತ್ತಿದ್ದಳು. ಸಿಗಡಿಯ ಮೂತಿಯ ಮುಳ್ಳು ಚುಚ್ಚಿದ ಬೆರಳಿಗೆ ಶೆಡ್ಡಿನಲ್ಲಿ ಎಲ್ಲರೂ ಕಟ್ಟುವುದು ಅದನ್ನೇ.

"ಕೈಗೆ ಗ್ಲೌಸ್ ಕೊಡ್ತಾರಲ್ಲ ಅತ್ತೆ, ಹಾಕ್ಲಿಕ್ಕೆ ಆಗುದಿಲ್ವಾ?"

"ಗ್ಲೌಸ್ ಹಾಕಿದ್ರೆ ಸಿಗಡಿ ಎಲ್ಲಿ ಉಂಟು, ಬೆರಳು ಎಲ್ಲಿ ಉಂಟು ಗೊತ್ತಾಗ್ಬೇಕಲ್ಲ. ನೀನು ನಿನ್ನ ಪೆಟ್ಟಿಗೆ ನೋಡ್ಕೊ. ನೆರೆಮನೆಯ ಸುಮಿತ್ರಳ ಫೋನು ಮೂರು ದಿನ ಸತ್ತಿತ್ತು, ಗೊತ್ತುಂಟಾ? ಗ್ಯಾಸ್ ಸಿಲಿಂಡರ್ ವಾಸನೆ ಅಂತ ಹೇಳಿದ್ದು ಅಷ್ಟೆ."

"ಸಿಲಿಂಡರ್ ಸೋರ್ತಿತ್ತಾ?"

"ಸೋರ್ತಿತ್ತು. ಆದ್ರೆ ಅವಳು ಬದುಕಿದ್ದಕ್ಕಿಂತ ಫೋನು ಸತ್ತದ್ದೇ ದೊಡ್ಡ ಸುದ್ದಿ." ಚಂದು ಚಿಂದಿ ಹಿಂಡಿದಳು. "ಕಾನೂನು ಮಾಡಿದವರಿಗೆ ನೆಗಡಿ ಆಗಿತ್ತೋ ಏನೋ."

ಯಶವಂತಿ ನಕ್ಕು ಬೂಟು ಹಾಕಿಕೊಂಡಳು. ಹಿಂದಿನ ವರ್ಷ ಅವಳಿಗೆ ಒಂದು ಎಚ್ಚರಿಕೆಯ ಪತ್ರ ಬಂದಿತ್ತು: ಪೆಟ್ಟಿಗೆ ಮಾತಾಡುವ ಮೊದಲೇ ಒಂದು ಗೋದಾಮು ಖಾಲಿ ಮಾಡಿಸಿದ್ದಕ್ಕೆ. ಎರಡನೆಯ ಸಲ ಆದರೆ ಕೆಲಸ ಹೋಗುತ್ತದೆ ಎಂಬ ಸಾಲಿಗೆ ಅಡಿಗೆರೆ ಹಾಕಲಾಗಿತ್ತು.

ಅತ್ತ ಬೆಂಗಳೂರಿನಲ್ಲಿ, ರಾಜ್ಯ ನಿಯಂತ್ರಣ ಕೊಠಡಿಯ ತಂಪಿನಲ್ಲಿ, ಸುಧೀಂದ್ರ ಗಲಗಲಿ ಎಂಬ ರಸಾಯನಶಾಸ್ತ್ರಜ್ಞ ಮುನ್ನೂರ ಎಂಬತ್ತು ಪೆಟ್ಟಿಗೆಗಳ ಮೇಲೆ ಕಣ್ಣಿಟ್ಟು ಕೂತಿದ್ದ. ಪೆಟ್ಟಿಗೆಯ ಅತಿ ಮೆಚ್ಚುಗೆ ಪಡೆದ ಗುಣ ಅವನ ಕೈವಾಡ. ಮೊದಲ ವರ್ಷ ಕರಾವಳಿಯ ಪೆಟ್ಟಿಗೆಗಳೆಲ್ಲ ಒಣಮೀನಿಗೆ ದಿನಾ ಕಿರುಚುತ್ತಿದ್ದವು. ಕಾಫಿ ಸಂಸ್ಕರಣಾ ಘಟಕದ ಪಕ್ಕದ್ದು ಕಾಫಿಗೆ, ಸಕ್ಕರೆ ಕಾರ್ಖಾನೆಯ ಪಕ್ಕದ್ದು ಕಾಕಂಬಿಗೆ. ಸುಧೀಂದ್ರ ಅದಕ್ಕೊಂದು ಉಪಾಯ ಹೂಡಿದ. ಪೆಟ್ಟಿಗೆಯನ್ನು ಪ್ರತಿ ದಿನ ಬೆಳಿಗ್ಗೆ ಹತ್ತು ನಿಮಿಷ ಶುದ್ಧ ಗಾಳಿಯಲ್ಲಿಟ್ಟು ಶೂನ್ಯ ಮಾಡಬೇಕಲ್ಲ, ಆ ಹತ್ತು ನಿಮಿಷದಲ್ಲಿ ಮೂವತ್ತು ದಿನ ಬಿಡದೆ ಕಾಣಿಸಿಕೊಂಡ ನಕ್ಷೆಯನ್ನು "ಸ್ಥಳೀಯ ಹಿನ್ನೆಲೆ" ಎಂಬ ಪಟ್ಟಿಗೆ ಸೇರಿಸುವುದು. ಪಟ್ಟಿಗೆ ಸೇರಿದ್ದರ ಬಗ್ಗೆ ಪೆಟ್ಟಿಗೆ ಮತ್ತೆ ಬಾಯಿ ಬಿಡುವುದಿಲ್ಲ. ಊರಿನ ಗುಣವನ್ನು ಊರಿನವರ ಹಾಗೆ ಸಹಿಸಿಕೊಳ್ಳಲು ಯಂತ್ರಕ್ಕೆ ಕಲಿಸಿದ್ದಕ್ಕೆ ಅವನಿಗೊಂದು ಫಲಕ ಸಿಕ್ಕಿತ್ತು. ಕೊಠಡಿಯ ಪೆಟ್ಟಿಗೆ ಸಿಬ್ಬಂದಿಯ ಉಪ್ಪಿಟ್ಟನ್ನು ಸಹಿಸಿಕೊಳ್ಳುತ್ತಿದ್ದುದು ಅದರ ಪುರಾವೆಯಾಗಿ ಮೇಜಿನ ಮೇಲೇ ಇತ್ತು.

ಹನ್ನೊಂದೂ ಇಪ್ಪತ್ತೈದಕ್ಕೆ ಯಶವಂತಿಯ ಸ್ವಂತ ಫೋನು ಹೊಡೆದುಕೊಂಡಿತು.

"ಯಶೂ, ಇಲ್ಲಿ ಕಣ್ಣು ಉರೀತದೆ." ಚಂದುವಿನ ಹಿಂದೆ ಕೆಮ್ಮು ಕೇಳುತ್ತಿತ್ತು, ಒಬ್ಬರದಲ್ಲ. "ವಾಸನೆ ಅಂತ ನಾನು ಹೇಳುದಿಲ್ಲ, ಆಯ್ತಾ? ಅದು ಯಾವಾಗ್ಲೂ ಉಂಟು. ಇವತ್ತು ಬಟ್ಟೆ ಕೆಂಪಾಗಿದೆ."

"ಯಾವ ಬಟ್ಟೆ?"

"ಬೆರಳಿಗೆ ಕಟ್ಟಿದ್ದು ಮಾರಾಯ್ತಿ, ಅರಿಶಿಣದ್ದು. ಎಲ್ಲರದ್ದೂ. ರಕ್ತ ಅಂತ ಬಿಚ್ಚಿ ನೋಡಿದ್ರೆ ಗಾಯ ಎಲ್ಲ ಹಾಗೇ ಉಂಟು. ಬಟ್ಟೆ ಮಾತ್ರ ಕೆಂಪು."

ಒದ್ದೆ ಅರಿಶಿಣವನ್ನು ಕೆಂಪು ಮಾಡುವುದು ಕ್ಷಾರ. ಗಾಳಿಯಲ್ಲಿ ತೇಲಿ ಬಂದು ಹಾಗೆ ಮಾಡಬಲ್ಲ, ಪಡುಗಂಡಿಯಲ್ಲಿ ಟನ್ನುಗಟ್ಟಲೆ ಇರುವ ಕ್ಷಾರ ಒಂದೇ: ಐಸ್ ಪ್ಲಾಂಟಿನ ಅಮೋನಿಯ. ಮಂಜುಗಡ್ಡೆ ಮಾಡಲು ಅದನ್ನು ಒತ್ತಿ ದ್ರವ ಮಾಡಿ ಕೊಳವೆಗಳಲ್ಲಿ ಓಡಿಸುತ್ತಾರೆ. ಹೊರಬಿದ್ದರೆ ಕಣ್ಣು, ಗಂಟಲು, ಶ್ವಾಸಕೋಶ, ಎಲ್ಲಿ ತೇವ ಇದೆಯೋ ಅಲ್ಲೆಲ್ಲ ಸುಡುತ್ತದೆ.

"ಅತ್ತೆ, ಎದುರಿನ ಗೇಟಿಂದ ಯಾರೂ ಹೊರಗೆ ಹೋಗ್ಬಾರ್ದು. ಅದು ಪ್ಲಾಂಟಿನ ಕಡೆಗೇ ಇರುದು. ಸೀರೆ ಸೆರಗು ಒದ್ದೆ ಮಾಡಿ ಮೂಗಿಗೆ ಕಟ್ಟಿ. ಹಿಂದಿನ ಬಾಗಿಲು ತೆಗೆಸಿ."

"ಅದಕ್ಕೆ ಬೀಗ. ಸಿಗಡಿ ಕದೀತೇವಂತೆ ನಾವು. ಮೇನೇಜರ ಹೇಳ್ತಾನೆ, ಸೈರನ್ ಆಗದೆ ಬೀಗ ತೆಗೆದ್ರೆ ಅವನ ಮೇಲೆ ಕೇಸಂತೆ."

ಸೈರನ್ ಪೆಟ್ಟಿಗೆಯ ಕೈಯಲ್ಲಿತ್ತು.

ಅಪಾಯದ ವಸ್ತುವಿನ ಕಡೆ ನೇರ ಹೋಗಬಾರದೆಂಬುದು ಈ ಕೆಲಸದ ಮೊದಲ ಪಾಠ. ಹಗಲಿನ ಗಾಳಿ ಕಡಲಿನಿಂದ ಬೀಸುತ್ತಿತ್ತು. ಪಶ್ಚಿಮಕ್ಕೆ ಠಾಣೆ, ನಡುವೆ ಪ್ಲಾಂಟು, ಪೂರ್ವಕ್ಕೆ ಶೆಡ್ಡು, ಅದರ ಹಿಂದೆ ಕೇರಿ. ಯಶವಂತಿ ವಾಹನವನ್ನು ಉತ್ತರಕ್ಕೆ ಸುತ್ತಿಸಿ, ಹೊಳೆಯ ಸೇತುವೆಯ ಮೇಲೆ ನಿಲ್ಲಿಸಿದಳು. ತೋಳು ಚಾಚಿ ಹೆಬ್ಬೆರಳು ಎತ್ತಿದಳು. ಬೆರಳಿನ ಮರೆಗೆ ಇಡೀ ಕಟ್ಟಡ ಮುಚ್ಚಿದರೆ ದೂರ ಸಾಕು ಎಂದು ಲೆಕ್ಕ. ಮುಚ್ಚಿತು. ದುರ್ಬೀನಿನಲ್ಲಿ ಪ್ಲಾಂಟಿನ ಹಿಂಗೋಡೆಯಿಂದ ಬಿಳಿ ಮೋಡವೊಂದು ನೆಲ ಹಿಡಿದು ತೆವಳುತ್ತಿರುವುದು ಕಂಡಿತು. ಅಮೋನಿಯ ಗಾಳಿಗಿಂತ ಹಗುರ. ಆದರೆ ಒತ್ತಿದ ದ್ರವ ಹೊರಬಿದ್ದಾಗ ಕೊರೆಯುವಷ್ಟು ತಣ್ಣಗಾಗಿ ಹನಿಹನಿಯಾಗಿ ನೆಲಕ್ಕೇ ಅಂಟಿಕೊಳ್ಳುತ್ತದೆ. ಮೋಡದ ತುದಿ ಆಗಲೇ ಶೆಡ್ಡಿನ ಎದುರು ಗೇಟನ್ನು ನುಂಗಿತ್ತು.

"ಪೆಟ್ಟಿಗೆ ತಗೊಂಡು ಮೋಡದ ಅಂಚಿಗೆ ಹೋಗಿ ಬರ್ತೇನೆ," ಎಂದ ಅಬ್ಬಾಸಾಕ. "ಅದು ಹೇಳಿದ್ರೆ ಎಲ್ಲ ಬೀಗ ತೆರೀತದೆ. ಮೂರು ನಿಮಿಷದ ಕೆಲಸ."

"ಆ ಲೈಟು ಕಂಬದಿಂದ ಮುಂದೆ ಹೋಗ್ಬಾರ್ದು. ಕಣ್ಣು ಉರಿದ ಕೂಡ್ಲೆ ವಾಪಸ್ಸು."

ಅವನು ಹೋದ. ಕಂಬದ ಬಳಿ ಪೆಟ್ಟಿಗೆಯನ್ನು ಎತ್ತಿ ಹಿಡಿದ. ಹಿಂದೆ ಬರುವಾಗ ಕಣ್ಣು, ಮೂಗು ಎರಡರಿಂದಲೂ ನೀರು ಸುರಿಯುತ್ತಿತ್ತು. ಸೇತುವೆಯ ಕಟ್ಟೆ ಹಿಡಿದು ಕೆಮ್ಮಿದ. ಪೆಟ್ಟಿಗೆಯ ಹಸಿರು ಪರದೆಯಲ್ಲಿ ಎರಡೇ ಶಬ್ದ: ಸಾಮಾನ್ಯ ವಾಯು.

ಯಶವಂತಿ ನಿಯಂತ್ರಣ ಕೊಠಡಿಗೆ ಕರೆ ಮಾಡಿದಳು.

"ಮೇಡಂರೀ, ನಿಮ್ಮ ಪೆಟ್ಟಿಗಿ ನನ್ನ ಕಣ್ಣಮುಂದನ ಅದ," ಎಂದ ಸುಧೀಂದ್ರ. "ಎಲ್ಲಾ ಸಾಮಾನ್ಯ ತೋರಸ್ಲಿಕ್ಕತ್ತದ."

"ನನ್ನ ಸಿಬ್ಬಂದಿ ಇಲ್ಲಿ ಕೆಮ್ಮಿ ಸಾಯ್ತಿದ್ದಾರೆ ಸಾರ್. ಪೆಟ್ಟಿಗೆ ಹಾಳಾಗಿದೆ."

"ಹಾಳ ಆಗಿಲ್ರೀ. ಮುಂಜಾನೆ ಏಳಕ್ಕ ಶೂನ್ಯ ಮಾಡೀರಿ, ದಾಖಲೆ ಅದ. ಎಂಟು ತಿಂಗಳದಿಂದ ಒಂದು ದಿನಾನೂ ತಪ್ಪಿಲ್ಲ. ನಿಮ್ಮ ಠಾಣೆಗೆ ನಾವು ಪ್ರಶಂಸಾಪತ್ರ ಕೊಡೋವ್ರು ಇದ್ದೇವಿ."

"ಏಳಕ್ಕೆ," ಎಂದಳು ಯಶವಂತಿ.

ಬೆಳಿಗ್ಗೆ ಏಳಕ್ಕೆ ಕರಾವಳಿಯಲ್ಲಿ ಗಾಳಿ ಕಡಲಿನಿಂದ ಬರುವುದಿಲ್ಲ, ನೆಲದಿಂದ ಕಡಲಿಗೆ ಹೋಗುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ. ಪ್ಲಾಂಟಿನಿಂದ ಗೋಡೆ ದಾಟಿ ಬಾದಾಮಿ ಮರಕ್ಕೆ. ಹಳೆಯ ಕೊಳವೆಯ ಯಾವುದೋ ಬೆಸುಗೆಯಿಂದ ದಿನವೂ ಒಂದಿಷ್ಟು ಸೋರುತ್ತಿತ್ತು. ಊರಿನ ಮೂಗಿಗೆ ಅದು ಎಂದೋ ಗೊತ್ತಾಗದಂತಾಗಿತ್ತು. ಎಂಟು ತಿಂಗಳು ದಿನಕ್ಕೆ ಹತ್ತು ನಿಮಿಷದಂತೆ ಪೆಟ್ಟಿಗೆಗೂ ಅದನ್ನೇ ಶುದ್ಧ ಗಾಳಿ ಎಂದು ಪಾಠ ಹೇಳಿಕೊಟ್ಟದ್ದು ಅವಳೇ, ಅನುಮತಿ ಪಡೆದು, ನೆರಳಿನಲ್ಲಿ.

"ಸಾರ್, ನಿಮ್ಮ ಹಿನ್ನೆಲೆ ಪಟ್ಟಿಯಲ್ಲಿ ಅಮೋನಿಯ ಉಂಟಾ ನೋಡಿ."

ಕೀಲಿಮಣೆಯ ಸದ್ದು.

"ಅದರೀ," ಎಂದ ಸುಧೀಂದ್ರ. ಸ್ವರ ಇಳಿದಿತ್ತು. "ಒಣಮೀನಿನ ಕೆಳಗ ಅದ. ಆದ್ರ ಮೇಡಂ, ನಿಮ್ಮ ಕಣ್ಣುರಿ, ಕೆಮ್ಮು, ಇವೆಲ್ಲ ಕಾಯ್ದೆ ಪ್ರಕಾರ..."

"ಶೆಡ್ಡಿನಲ್ಲಿ ಇನ್ನೂರು ಹೆಂಗಸರ ಅರಿಶಿಣದ ಬಟ್ಟೆ ಕೆಂಪಾಗಿದೆ. ಮೂಗು ಸಾಕ್ಷಿ ಅಲ್ಲ ಅಂತ ಕಾಯ್ದೆ ಹೇಳ್ತದೆ. ಕಣ್ಣು ಸಾಕ್ಷಿ ಅಲ್ಲ ಅಂತ ಎಲ್ಲಿ ಬರೆದಿದೆ?"

ರಸಾಯನಶಾಸ್ತ್ರಜ್ಞನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. "ಕೆಂಪಾಗ್ಯಾವ?" ಎಂದ. "ಹಂಗಿದ್ರ ಅದನ ಅದು. ಸಂಶಯ ಇಲ್ಲ."

"ಬೀಗ ತೆಗೀರಿ."

"ನನ್ನ ಕಡೆ ಕೀಲಿ ಇಲ್ರೀ ಮೇಡಂ. ಮನುಷ್ಯಾ ನಡುವ ಬರಬಾರದು ಅಂತ ನಾನ ಬರದು ಹಾಕಸೇನಿ. ಪಟ್ಟಿ ತಿದ್ದಲಿಕ್ಕೆ ಜಂಟಿ ನಿರ್ದೇಶಕರ ಸಹಿ ಬೇಕು. ಅವರು ದಿಲ್ಲಿಯೊಳಗ ಇದ್ದಾರ. ಫೋನ್ ಹಚ್ಚತೇನಿ, ಒಂದು ತಾಸು ಕೊಡ್ರಿ."

"ಒಂದು ತಾಸು ನಾನು ಕೊಡ್ಬಹುದು ಸಾರ್. ಮೋಡ ಕೊಡುದಿಲ್ಲ," ಎಂದು ಯಶವಂತಿ ಫೋನು ಇಟ್ಟಳು.

ಅಬ್ಬಾಸಾಕ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಪೆಟ್ಟಿಗೆಯನ್ನು ಎರಡು ಸಲ ನೋಡಿದ. ಅನಂತರ ವಾಹನದ ಹಿಂದೆ ಹೋಗಿ, ರಕ್ಷಾದಿರಿಸಿನ ಕಪಾಟಿನ ಬೀಗಕ್ಕೆ ಕೊಡಲಿಯಿಂದ ಹೊಡೆದ. ಮೂರನೆಯ ಏಟಿಗೆ ಅದು ಕಳಚಿ ಬಿತ್ತು.

"ಸರ್ಕಾರಿ ಆಸ್ತಿ, ಅಬ್ಬಾಸಾಕ."

"ನನ್ನ ಪುಪ್ಪುಸ ಯಾರದ್ದು ಮೇಡಂ, ಅದೂ ಸರ್ಕಾರದ್ದೇ ಅಲ್ವಾ?" ಅವನು ರಬ್ಬರ್ ದಿರಿಸು ಎಳೆದು ಇಬ್ಬರು ಹುಡುಗರತ್ತ ಎಸೆದ. "ಹೊಂಡದಲ್ಲಿ ಇದು ನನಗೆ ಜೀವ ಕೊಟ್ಟಿದೆ. ಹಾಗಂತ ಎಲ್ಲರ ಜೀವ ತೆಗೀಲಿಕ್ಕೆ ಬಿಡ್ಲಿಕ್ಕೆ ಆಗ್ತದಾ?"

ದಿರಿಸು, ಬೆನ್ನಿಗೆ ಗಾಳಿಯ ಸಿಲಿಂಡರು ತೊಟ್ಟು ವಾಲ್ವಿನ ಬಳಿ ತಲುಪಲು ಅವರಿಗೆ ಕಾಲು ಗಂಟೆಯಾದರೂ ಬೇಕು. ಅಷ್ಟರೊಳಗೆ ಶೆಡ್ಡೂ ಕೇರಿಯೂ ಮೋಡದೊಳಗೆ. ಯಾರು ಹೇಳಿದರೆ ಇಡೀ ಕೇರಿ ಎದ್ದು ನಡೆಯುತ್ತದೆ? ಸೈರನ್ ಇಲ್ಲ. ಜನರ ಫೋನಿಗೆ ಹೋಗುವ ಎಚ್ಚರಿಕೆಯ ಸಂದೇಶವೂ ಪೆಟ್ಟಿಗೆಯದ್ದೇ. ಮೈಕು ಹಿಡಿದು ಕೂಗಿದರೆ ಜನ ಬಸ್ ನಿಲ್ದಾಣದತ್ತ ಓಡುತ್ತಾರೆ. ಅದು ಪೂರ್ವ, ಮೋಡವೂ ಆ ಕಡೆಗೇ.

ಪಡುಗಂಡಿಯಲ್ಲಿ ಸರ್ಕಾರಕ್ಕಿಂತ ಹಳೆಯ ಒಂದು ಸೈರನ್ ಇತ್ತು. ಕಡಲಿನಲ್ಲಿ ಬೋಟು ಮುಳುಗಿದ ಸುದ್ದಿ ಬಂದರೆ ಜೆಟ್ಟಿಯಲ್ಲಿರುವ ಬೋಟುಗಳೆಲ್ಲ ಒಟ್ಟಿಗೆ ಹಾರ್ನ್ ಹಾಕಿ ನಿಲ್ಲಿಸದೆ ಕೂಗುತ್ತವೆ. ಆ ಸದ್ದು ಕೇಳಿದರೆ ಹಾಲು ಉಕ್ಕುತ್ತಿದ್ದರೂ ಬಿಟ್ಟು, ಹೊಳೆಯ ಏರಿ ಹಿಡಿದು ಎಲ್ಲರೂ ಜೆಟ್ಟಿಗೆ ಓಡುವುದು ರೂಢಿ. ಹೋಗಿ ಕೇಳುವುದು ಒಂದೇ ಮಾತು, ಯಾರ ಬೋಟು? ಏರಿಯ ದಾರಿ ಉತ್ತರಕ್ಕೆ ಬಳಸಿ ಕಡಲಿಗೆ ಹೋಗುತ್ತದೆ. ಮೋಡದ ಪಕ್ಕಕ್ಕೆ ಸರಿದು, ಗಾಳಿ ಬರುವ ಕಡೆಗೆ. ಪುಸ್ತಕದಲ್ಲಿ ಬರೆದರೂ ಇದಕ್ಕಿಂತ ಒಳ್ಳೆಯ ದಾರಿ ಸಿಗುತ್ತಿರಲಿಲ್ಲ.

ಬೋಟು ಮಾಲೀಕರ ಸಂಘದ ಅಧ್ಯಕ್ಷ ಸೋಮಪ್ಪ ತಿಂಗಳಾಯ ಫೋನಿನಲ್ಲಿ ಕೇಳಿ ಬೆಚ್ಚಿದ.

"ಎಂತ ಹೇಳ್ತಿ ಮಾರಾಯ್ತಿ ನೀನು? ಆ ಹಾರ್ನು ಸುಮ್ಮನೆ ಹೊಡೀಲಿಕ್ಕೆ ಉಂಟಾ? ಅರುವತ್ತು ಬೋಟು ಹೊರಗೆ ಇದೆ. ನಿನ್ನ ಗಂಡನೂ ಹೊರಗೇ ಇದ್ದಾನೆ!"

"ಗೊತ್ತುಂಟು ಸೋಮಪ್ಪಣ್ಣ."

"ಹೆಂಗಸ್ರು ಎದೆ ಒಡೆದು ಸಾಯ್ತಾರೆ. ಅದು ಸಾವಿಗೆ ಮಾತ್ರ ಹೊಡೀವ ಹಾರ್ನು."

"ಸಾವಿಗೇ ಕೇಳ್ತಿರುದು. ಈಗ ಹೊಡೆದ್ರೆ ಅಳ್ತಾರೆ, ಅಷ್ಟೆ. ಹೊಡೀದಿದ್ರೆ ನಾಳೆ ಅವರಿಗಾಗಿಯೇ ಹೊಡೀಬೇಕು."

"ನಿನ್ನ ಪೆಟ್ಟಿಗೆ ಎಂತ ಹೇಳ್ತದೆ?"

"ಸಾಮಾನ್ಯ ಅಂತ ಹೇಳ್ತದೆ."

"ಮತ್ತೆ?"

"ನಾನು ಅಲ್ಲ ಅಂತ ಹೇಳ್ತೇನೆ. ನನ್ನ ಹೆಸರು ಹೇಳಿ. ಯಾರು ಕೇಳಿದ್ರೂ ಯಶವಂತಿ ಹೊಡೆಸಿದ್ದು ಅಂತ ಹೇಳಿ."

ಸೋಮಪ್ಪ ಫೋನು ಇಟ್ಟ. ಅರ್ಧ ನಿಮಿಷದ ಮೇಲೆ ಜೆಟ್ಟಿಯಲ್ಲಿ ಒಂದು ಬೋಟು ಕೂಗಿತು. ಅದರ ಪಕ್ಕದ್ದು ಸೇರಿಕೊಂಡಿತು. ಆಮೇಲೆ ಅಲ್ಲಿ ಕಟ್ಟಿದ್ದ ನಲವತ್ತೂ.

ದುರ್ಬೀನಿನಲ್ಲಿ ಯಶವಂತಿ ಶೆಡ್ಡಿನ ಹಿಂಬಾಗಿಲನ್ನೇ ನೋಡುತ್ತಿದ್ದಳು. ಅದು ತೆರೆಯಿತು. ಮೊದಲು ಹೊರಬಿದ್ದವನು ಮೇನೇಜರ. ಅವನ ತಮ್ಮನೂ ಬೋಟಿನಲ್ಲಿದ್ದ. ಬೀಗದ ಕೀಲಿ ಇನ್ನೂ ಅವನ ಕೈಯಲ್ಲೇ ಇತ್ತು. ಅವನ ಹಿಂದೆ ಹೆಂಗಸರು, ಒದ್ದೆ ಸೆರಗು ಮೂಗಿಗೆ, ಕೆಂಪು ಚಿಂದಿ ಬೆರಳಿಗೆ. ಏರಿಯ ಮೇಲೆ ಓಡುತ್ತ ಕೆಲವರು ಗಂಡಂದಿರ ಹೆಸರು ಕೂಗುತ್ತಿದ್ದರು. ಕೇರಿಯ ಮನೆಗಳಿಂದಲೂ ಜನ ಏರಿಗೆ ಹತ್ತಿದರು. ಒಬ್ಬಳು ಮಗುವಿನ ತಲೆಗೆ ಹಚ್ಚಿದ ಎಣ್ಣೆಯ ಬಟ್ಟಲನ್ನೂ ಹಿಡಿದುಕೊಂಡೇ ಓಡುತ್ತಿದ್ದ ಹಾಗೆ ಕಂಡಿತು. ಚಂದು ಎಲ್ಲರಿಗಿಂತ ಕೊನೆಗೆ ಬಂದಳು. ಓಡಲಾರದ ಮುದುಕಿಯೊಬ್ಬಳ ತೋಳು ಹಿಡಿದು, ದಯಾ, ದಯಾ ಎಂದು ಮಗನನ್ನು ಕರೆಯುತ್ತಿದ್ದಳು. ಸದ್ದು ಸೇತುವೆಯವರೆಗೆ ಕೇಳುವಂತಿರಲಿಲ್ಲ; ತುಟಿಯ ಚಲನೆಯಿಂದ ಸೊಸೆಗೆ ತಿಳಿಯಿತು. ಅವಳು ದುರ್ಬೀನು ಇಳಿಸಲಿಲ್ಲ.

ನೀರಿನ ಕೆಲಸ ಅದರ ಬೆನ್ನಿಗೆ. ನೆಲದ ಮೇಲೆ ನಿಂತ ದ್ರವದ ಮೇಲೆ ನೀರು ಬಿದ್ದರೆ ಅದು ಕುದಿದು ಇನ್ನಷ್ಟು ಎದ್ದೇಳುತ್ತದೆ; ಆದ್ದರಿಂದ ಮೋಡಕ್ಕೂ ಶೆಡ್ಡಿಗೂ ನಡುವೆ, ಗಾಳಿಯಲ್ಲೇ, ಸೂಕ್ಷ್ಮ ತುಂತುರಿನ ಪರದೆ ಕಟ್ಟಬೇಕು. ಅಮೋನಿಯ ನೀರಿಗೆ ಆಸೆಪಟ್ಟು ಸೇರಿಕೊಂಡು ಕೆಳಗಿಳಿಯುತ್ತದೆ. ಯಶವಂತಿ ಪರದೆ ಕಟ್ಟಿಸಿದಳು. ಅಬ್ಬಾಸಾಕ ಅದರ ಮರೆಯಲ್ಲಿ ಹುಡುಗರೊಂದಿಗೆ ಒಳಹೋಗಿ ಹನ್ನೆರಡೂ ಹತ್ತಕ್ಕೆ ವಾಲ್ವು ತಿರುಗಿಸಿದ. ಪೆಟ್ಟಿಗೆ ವಾಹನದ ಸೀಟಿನ ಮೇಲೆ ಕೂತು ಎಲ್ಲವನ್ನೂ ಸಾಮಾನ್ಯವೆಂದು ಕೊನೆಯವರೆಗೂ ದಾಖಲಿಸಿತು.

ಜೆಟ್ಟಿಯಲ್ಲಿ ಯಾರ ಬೋಟು ಎಂದು ಕೇಳಿದವರಿಗೆ ಸೋಮಪ್ಪ ಮೈಕಿನಲ್ಲಿ ಉತ್ತರ ಹೇಳಿದ: "ಯಾರದ್ದೂ ಅಲ್ಲ. ಎಲ್ಲ ಕುಳಿತುಕೊಳ್ಳಿ." ಸ್ವಲ್ಪ ಹೊತ್ತು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವರು ಬೈದ ಬೈಗಳನ್ನು ಇಲ್ಲಿ ಬರೆಯುವಂತಿಲ್ಲ. ಒಂಬತ್ತು ಮಂದಿ ಆಸ್ಪತ್ರೆ ಸೇರಿದರು. ಒಬ್ಬಳ ಒಂದು ಕಣ್ಣು ಮಂಜಾಗಿಯೇ ಉಳಿಯಿತು. ಸತ್ತವರು ಯಾರೂ ಇಲ್ಲ.

ವಿಚಾರಣೆ ಜಿಲ್ಲಾ ಕೇಂದ್ರದಲ್ಲಿ ನಡೆಯಿತು. ಯಂತ್ರ ತನಗೆ ಕಲಿಸಿದಂತೆಯೇ ನಡೆದುಕೊಂಡಿದೆ, ಆದ್ದರಿಂದ ಯಂತ್ರದ ದೋಷವಿಲ್ಲ ಎಂದು ಸಮಿತಿ ಮೊದಲ ದಿನವೇ ಕಂಡುಕೊಂಡಿತು. ಸುಧೀಂದ್ರ ಗಲಗಲಿ ಎದ್ದು ನಿಂತು, "ಕಲಿಸಿದಾತ ನಾನ ಇದ್ದೇನಿ, ನನ್ನನ್ನೂ ಬರಕೊಳ್ರಿ" ಎಂದ. ಅವನ ಮಾತನ್ನು ತಾಂತ್ರಿಕ ಅಭಿಪ್ರಾಯವೆಂದು ಬರೆದುಕೊಂಡು ಕೂರಿಸಿದರು. ಯಶವಂತಿಯ ಮುಂದೆ ಎರಡು ಸಾಲಿನ ಕಾಗದ ಇಟ್ಟರು: ಯಂತ್ರದ ಅನುಮತಿಯಿಲ್ಲದೆ ಸಾರ್ವಜನಿಕರನ್ನು ಕದಲಿಸಿದ್ದು ನನ್ನ ತಪ್ಪು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ಹದಿನೈದು ದಿನ ಸಮಯ.

"ಒಂದು ತಪ್ಪು ಉಂಟು ಸಾರ್," ಎಂದಳು ಅವಳು. "ಗೋಡೆಯಾಚೆ ಎಂತ ಉಂಟು ಅಂತ ಗೊತ್ತಿದ್ದೂ ಎಂಟು ತಿಂಗಳು ಯೋಚನೆ ಮಾಡದೆ ಪೆಟ್ಟಿಗೆ ಇಟ್ಟೆ. ಅದನ್ನು ಬರೆದು ಕೊಡ್ತೇನೆ. ಇದರಲ್ಲಿ ಅದು ಇಲ್ಲ."

"ಅದು ನಮ್ಮ ಪರಿಶೀಲನೆಯ ವ್ಯಾಪ್ತಿಗೆ ಬರುವುದಿಲ್ಲ," ಎಂದರು ಅಧ್ಯಕ್ಷರು. "ಅಮ್ಮಾ, ಇದು ಬರೀ ಔಪಚಾರಿಕ. ಮುಂದೆ ಏನಾಗುತ್ತದೋ ಯಾರು ನೋಡಿದ್ದಾರೆ?"

"ನಾನು ನೋಡಿದ್ದೇನೆ ಸಾರ್. ದುರ್ಬೀನಿನಲ್ಲಿ."

ಸೋರಿಕೆಯ ದಿನದಿಂದ ಮನೆಯಲ್ಲಿ ಚಂದು ಒಂಬತ್ತು ದಿನ ಸೊಸೆಯೊಂದಿಗೆ ಮಾತಾಡಿರಲಿಲ್ಲ. ನಾಲ್ಕನೆಯ ದಿನ ದಯಾನಂದ ಸಮುದ್ರದಿಂದ ಬಂದ. ತಾಯಿ ಅವನ ಮುಖ ಮುಟ್ಟಿ ನೋಡಿ, ಮೀನು ಹುರಿದಳು. ಸೊಸೆಯ ತಟ್ಟೆಗೂ ಬಡಿಸಿದಳು, ಬಾಯಿ ಬಿಡದೆ. ಹತ್ತನೆಯ ದಿನ ಮಧ್ಯಾಹ್ನ ಯಶವಂತಿ ಕಾಗದವನ್ನು ಮೇಜಿನ ಮೇಲಿಟ್ಟು ಕೂತಿದ್ದಾಗ ಎದುರು ಬಂದು ನಿಂತಳು.

"ಏರಿಯಲ್ಲಿ ಓಡುವಾಗ ನಾನು ಮಗ ಸತ್ತ ಅಂತ ಅವನ ಬೊಜ್ಜದ ಊಟ ಕೂಡ ಹಾಕಿಸಿ ಆಗಿತ್ತು. ಎಷ್ಟು ಜನ ಬರ್ತಾರೆ, ಎಷ್ಟು ಅಕ್ಕಿ ಬೇಕು, ಎಲ್ಲ ತಲೆಯಲ್ಲಿ ಬಂತು. ಅದು ನಿನಗೆ ಗೊತ್ತಿರ್ಲಿ."

"ಗೊತ್ತುಂಟು ಅತ್ತೆ."

"ಗೊತ್ತಿಲ್ಲ ನಿನಗೆ." ಚಂದು ಕುರ್ಚಿ ಎಳೆದು ಕೂತಳು. "ಇನ್ನೊಂದು ಸಲ ಹಾಗೆ ಆದ್ರೆ ಎಂತ ಮಾಡ್ತಿ?"

"ಹಾರ್ನ್ ಹೊಡೆಸ್ತೇನೆ."

"ನಾನು ಆ ಕಡೆ ಇದ್ರೂ?"

"ನೀವು ಆ ಕಡೆ ಇದ್ರೂ."

"ದಯಾ ಹೊರಗೆ ಇದ್ರೂ?"

"ಇದ್ರೂ."

"ಹಾಗಾದ್ರೆ ಇದರಲ್ಲಿ ಮಾಡುದಿಲ್ಲ ಅಂತ ಯಾವ ಬಾಯಲ್ಲಿ ಬರೀತಿ?" ಚಂದು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಓದು ಬರುತ್ತಿರಲಿಲ್ಲ, ಆದರೂ ಕೊನೆಯವರೆಗೆ ನೋಡಿ ಕೆಳಗಿಟ್ಟಳು. "ಸಹಿ ಹಾಕಿದ್ರೆ ಇನ್ನು ಹತ್ತು ದಿನ ನಾನು ಮಾತಾಡುದಿಲ್ಲ."

ಯಶವಂತಿ ಸಹಿ ಹಾಕಲಿಲ್ಲ. ಕಾಗದ ಕೊಟ್ಟ ಹದಿನಾರನೆಯ ದಿನ ಅವಳನ್ನು ಸೇವೆಯಿಂದ ವಜಾ ಮಾಡಲಾಯಿತು.